ತಳ್ಳಿಹಾಕಲಾಗದು ಎಂಬ ಒಂದು ಸಾಲು

ವೈದ್ಯ ಇಲಾಖೆಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಿಮ್ಮ ಇಬ್ಬರು ಡಾಕ್ಟರುಗಳು ಒಬ್ಬರಿಗೊಬ್ಬರು ನಾಲ್ಕು ಸಾಲು ಬಿಡಿಸಿ ಬರೆಯದ ಕಾರಣ ನನ್ನ ಹೆಂಡತಿ ಶರೀಫುನ್ನೀಸಾ ಇಲ್ಲದ ರೋಗವನ್ನು ಹೊತ್ತು ಸತ್ತಳು. ನಾನು ಹೆಚ್ಚು ಓದಿದವನಲ್ಲ. ದಿನಚರಿ ಬರೆಯುವ ಅಭ್ಯಾಸವಿರುವುದರಿಂದ ತಾರೀಖುಗಳು ಮಾತ್ರ ತಪ್ಪಿಲ್ಲ.

ಮದ್ದೂರು ಪೇಟೆಯಲ್ಲಿ ನಮ್ಮದು ಪಾತ್ರೆಗಳಿಗೆ ಕಲಾಯಿ ಹಾಕುವ ಕೆಲಸ. ನಾನು ತವರ ಬಳಿಯುವಾಗ ಕಾದ ಪಾತ್ರೆ ಹಿಡಿದುಕೊಳ್ಳುತ್ತಿದ್ದವಳು ಅವಳೇ. ಸುಟ್ಟು ಸುಟ್ಟು ಮೊಣಕೈ ಕೆಳಗೆ ಬಿಳಿ ಮಚ್ಚೆ ಉಳಿದಿತ್ತು, ಚುಚ್ಚಿದರೂ ತಿಳಿಯುತ್ತಿರಲಿಲ್ಲ. ಕಳೆದ ವರ್ಷ ಜೂನ್ ಹನ್ನೊಂದರಂದು ಆಸ್ಪತ್ರೆಯ ಡಾಕ್ಟರು ಅಲ್ಲಿಂದ ಚರ್ಮದ ಚೂರು ತೆಗೆದು ಬೆಂಗಳೂರಿನ ಪರೀಕ್ಷಾಲಯಕ್ಕೆ ಕಳಿಸಿದರು. ಜೊತೆಯ ಚೀಟಿಯಲ್ಲಿ ‘ಮೊಣಕೈ ಚರ್ಮ, ಅಭಿಪ್ರಾಯ ತಿಳಿಸಿ’ ಎಂದಷ್ಟೇ ಇತ್ತು. ಇವಳು ಏನು ಕೆಲಸ ಮಾಡುತ್ತಾಳೆಂದು ಕೇಳಲೂ ಇಲ್ಲ, ಬರೆಯಲೂ ಇಲ್ಲ. ಯುದ್ಧಕಾಲ, ಶಾಯಿಗೂ ಅಭಾವವಿರಬಹುದು.

ಬಂದ ಉತ್ತರವೂ ಇಂಗ್ಲಿಷಿನ ಒಂದೇ ಸಾಲು: ಕುಷ್ಠವನ್ನು ತಳ್ಳಿಹಾಕಲಾಗದು. ಕಾಂಪೌಂಡರ್ ಪುಟ್ಟರಾಜು ಅರ್ಥ ಬಿಡಿಸಿದರು. “ತಳ್ಳಾಕಕ್ಕಾಗಲ್ಲ ಅಂದ್ರೆ ಅದೇ ಅಂತ ಕಣ್ ಸಾಬ್ರೇ.” ಡಾಕ್ಟರು ಹೌದೆಂದು ತಲೆಯಾಡಿಸಿದರು.

ರೋಗವನ್ನು ಯಾರೂ ತಳ್ಳಿಹಾಕಲಿಲ್ಲ, ಮಾನ್ಯರೇ, ಅವಳನ್ನು ತಳ್ಳಿಹಾಕಿದರು. ನೆರೆಮನೆಯ ಹೊಂಬಾಳಮ್ಮ ಕಲಾಯಿಗೆ ಕೊಟ್ಟಿದ್ದ ಹಂಡೆಯನ್ನು ಹಾಗೆಯೇ ಎತ್ತಿಕೊಂಡರು. “ತಪ್ಪು ತಿಳ್ಕಬ್ಯಾಡ ಕಣಪ್ಪ, ಮನೇಲಿ ಬಾಣ್ತಿ ಅವ್ಳೆ” ಎಂದರು. ಅವರ ಮೇಲೆ ಕೋಪವಿಲ್ಲ. ಅವರು ನಂಬಿದ್ದು ಸರ್ಕಾರದ ಕಾಗದವನ್ನು. ಶರೀಫುನ್ನೀಸಾ ತಾನಾಗಿಯೇ ಹಿತ್ತಲ ಕೊಟ್ಟಿಗೆ ಸೇರಿದಳು. ನಾಲ್ಕು ವರ್ಷದ ಮಗಳನ್ನು ಏಳು ತಿಂಗಳು ಮುಟ್ಟಲಿಲ್ಲ. ಜನವರಿಯಲ್ಲಿ ಚಳಿಜ್ವರ ಬಂತು. ಎಷ್ಟು ಕರೆದರೂ ಆಸ್ಪತ್ರೆಗೆ ಬರಲಿಲ್ಲ. ಅದರಲ್ಲೇ ತೀರಿಕೊಂಡಳು. ಮಯ್ಯತ್ತಿಗೆ ಕೊನೆಯ ಸ್ನಾನದ ನೀರು ಹಾಕಲು ಬಂದವರು ಅವಳ ತಾಯಿ ಸುಲ್ತಾನ್ ಬೀ ಒಬ್ಬರೇ.

ಆಮೇಲೆ ಆ ಕಾಗದ ಹಿಡಿದು ಬೆಂಗಳೂರಿಗೆ ಹೋದೆ. ಪರೀಕ್ಷೆ ಮಾಡಿದ್ದ ಡಾಕ್ಟರು, ಕಲಾಯಿ ಕೆಲಸವೆಂದು ಕೇಳಿದೊಡನೆ ಆ ಚೂರನ್ನು ಅಂಟಿಸಿಟ್ಟಿದ್ದ ಗಾಜಿನ ಪಟ್ಟಿಯನ್ನು ಮತ್ತೆ ತೆಗೆಸಿ ನೋಡಿದರು. ಸುಟ್ಟ ಕಲೆ ಎಂದರು. “ಚೂರು ಸಣ್ಣದಿತ್ತು, ಖಚಿತವಾಗಿ ಹೇಳೋಕೆ ಆಗಲ್ಲ ಅನ್ನೋದಷ್ಟೇ ನನ್ನ ಮಾತಿನ ಅರ್ಥ. ಇನ್ನೊಂದು ಕಳಿಸ್ತಾರೆ ಅಂದ್ಕೊಂಡಿದ್ದೆ.” ಹಾಗಿದ್ದರೆ ಹಾಗೆಂದೇ ಏಕೆ ಬರೆಯಲಿಲ್ಲ? ಅಂದು ಕಾಗದ ಮಡಚಿಕೊಂಡು ಬಂದುಬಿಟ್ಟೆ. ಇಂದು ನಿಮ್ಮನ್ನು ಕೇಳುತ್ತಿದ್ದೇನೆ.

ಚೂರಿನ ಜೊತೆ ರೋಗಿಯ ಕೆಲಸವನ್ನೂ ಡಾಕ್ಟರ ಸಂಶಯವನ್ನೂ ಬರೆಯುವಂತೆ, ತಿಳಿಯದಿದ್ದರೆ ‘ತಿಳಿಯಲಿಲ್ಲ, ಮತ್ತೆ ಕಳಿಸಿ’ ಎಂದೇ ಉತ್ತರಿಸುವಂತೆ ಹುಕುಂ ಮಾಡಿ. ಮಾಡುವಿರೆಂಬ ನಂಬಿಕೆ ನನಗಿಲ್ಲ. ಅವಳಿಗೆ ಕುಷ್ಠವಿರಲಿಲ್ಲವೆಂದಾದರೂ ಕನ್ನಡದಲ್ಲಿ ಬರೆಸಿಕೊಡಿ. ಆಸ್ಪತ್ರೆಯವರು ಕೇಳಬೇಕು ಎನ್ನುತ್ತಾರೆ ಪರೀಕ್ಷಾಲಯದವರು; ಪರೀಕ್ಷಾಲಯದವರೇ ತಿಳಿಸಬೇಕು ಎನ್ನುತ್ತಾರೆ ಆಸ್ಪತ್ರೆಯವರು. ನನ್ನ ಮಗಳ ಜೊತೆ ಆಡಲು ಬೀದಿಯ ಮಕ್ಕಳನ್ನು ಇನ್ನೂ ಬಿಡುತ್ತಿಲ್ಲ.

ಇಂತಿ,
ಮೂರು ಅರ್ಜಿಗಳಿಗೂ ಉತ್ತರ ಕಾಣದ
ನಿಜಾಮುದ್ದೀನ್
ಮದ್ದೂರು, 1944