ನೀಲವ್ವನ ಎಂಟನೇ ವಾರ

ಶಿರಸಿ, 18 ಫೆಬ್ರವರಿ 1963, ಸೋಮವಾರ

ನೀಲವ್ವನ ನೋಟ್‌ಬುಕ್ಕು ಬೆಳಿಗ್ಗೆಯಿಂದ ಮನಸ್ಸನ್ನು ಕೊರೆಯುತ್ತಿದೆ.

ಮನಃಶಾಸ್ತ್ರದಲ್ಲಿ ಹದಿಹರೆಯದ ಪಾಠಕ್ಕೆ ಈ ನಿಯಮ ಮಾಡಿದವಳು ನಾನೇ. ನಮ್ಮ ಶಿಕ್ಷಕರ ಟ್ರೇನಿಂಗ್ ಕಾಲೇಜಿನ ಪ್ರತಿ ವಿದ್ಯಾರ್ಥಿಯೂ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಹನ್ನೆರಡು ವಾರ ಗಮನಿಸಿ ಬರೆಯಬೇಕು, ಕಡಿಮೆಯಾದರೆ ಪಾಸಿಲ್ಲ. ಬನವಾಸಿಯ ನೀಲವ್ವ ಏಳೇ ವಾರ ಬರೆದಿದ್ದಳು. ಮಧ್ಯಾಹ್ನ ಕರೆದು ಕೇಳಿದೆ.

"ಏಳನೇ ವಾರಕ್ಕ ಕಲ್ಲವ್ವನ ಲಗ್ನ ಆತ್ರಿ ಅಕ್ಕಾರ. ಗಂಡನ ಮನಿಗೆ ಕಳಿಸಿಬಿಟ್ರು. ಬ್ಯಾರೆ ಹುಡುಗಿನ್ನ ಹುಡುಕಿ ಮೊದ್ಲಿಂದ ಬರೀಲೇನ್ರಿ?"

ಕಲ್ಲವ್ವ ಅವಳು ಗಮನಿಸುತ್ತಿದ್ದ ನೆರೆಮನೆಯ ಹುಡುಗಿ. ಹದಿನಾಲ್ಕು ವರ್ಷ, ಎಂಟನೇ ಇಯತ್ತೆ.

"ಮದುವೆಗೆ ನೀನು ಹೋಗಿದ್ಯಾ?"

"ಹೋಗಿದ್ದೆರಿ. ಕೈಗೆ ಬಳಿ ಇಡಸೂಮುಂದ ನನ್ನ ಕಿವ್ಯಾಗ ಕೇಳಿದ್ಳು, 'ಸೋಮವಾರ ಗಣಿತದ ಪರೀಕ್ಷಾ ಐತಲ್ಲ, ನಂದು ಹೆಂಗ?' ಅಂತ."

"ಅದನ್ನ ಯಾಕೆ ಬರೀಲಿಲ್ಲ?"

"ಪಾಠದಾಗ ಅದು ಬರ್ತೈತೋ ಇಲ್ಲೋ ಗೊತ್ತಾಗ್ಲಿಲ್ರಿ."

ಅವಳ ಮುಖ ನೋಡಲಾಗಲಿಲ್ಲ. ಅದನ್ನೇ ಎಂಟನೇ ವಾರವೆಂದು ಬರೆದು ತಾ ಎಂದು ನೋಟ್‌ಬುಕ್ಕು ವಾಪಸು ಕೊಟ್ಟೆ. ಸಂಜೆಗೇ ತಂದಳು, ಒಂದೇ ಪುಟ. ಉಳಿದ ಮೂವತ್ತು ಜನ ಹನ್ನೆರಡೂ ವಾರ ತುಂಬಿಸಿದ್ದಾರೆ. ಅವುಗಳಲ್ಲಿ ಯಾವುದನ್ನೂ ನಾನು ಎರಡು ಸಲ ಓದಿಲ್ಲ. ಇದನ್ನು ಮೂರು ಸಲ ಓದಿದೆ.

ಐವತ್ತಕ್ಕೆ ನಲವತ್ತೆರಡು ಹಾಕಿದ್ದೇನೆ. ಪ್ರಿನ್ಸಿಪಾಲರು ಕೇಳಿದರೆ ನಿಯಮ ಬದಲಿಸಿದ್ದೇನೆ ಎನ್ನುತ್ತೇನೆ. ಅದರ ಬಗ್ಗೆ ನನಗೆ ಅಳುಕಿಲ್ಲ. ಅಂಕದ ಮುಂದೆ 'ಅಭ್ಯಾಸ ಪೂರ್ಣವಾಗಿದೆ' ಎಂದು ಬರೆದು ಸಹಿ ಹಾಕಬೇಕು. ಕಲ್ಲವ್ವನ ಗಣಿತದ ಪರೀಕ್ಷೆ ನೆನಪಾಗಿ ಅದನ್ನು ಬರೆಯಲು ಮಾತ್ರ ಇನ್ನೂ ಮನಸ್ಸು ಬರುತ್ತಿಲ್ಲ.