ನೀಲಿ ಗೊಂಡೆಯ ಗೂಡು

ವಾಘೋಲಿ, ವಡ್ಡರ ವಸ್ತಿ
ತಾ. 19 ಸೆಪ್ಟೆಂಬರ್ 1999

ಚಿ. ಅಂಬವ್ವನಿಗೆ ಅತ್ತೆ ಸಾಬವ್ವನ ಆಶೀರ್ವಾದ.

ಈ ಕಾಗದ ನಾನು ಖುಷಿಯಿಂದ ಬರೆಯುತ್ತಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ನಲವತ್ತು ವರ್ಷ ಕಲ್ಲುಖಣಿಯಲ್ಲಿ ಖಡಿ ಒಡೆದ ಬೆರಳಿಗೆ ಪೆನ್ನು ಹಿಡಿದರೆ ಇರುವೆ ಹಿಡಿದ ಹಾಗೆ ಆಗುತ್ತದೆ. ಇಲ್ಲಿ ಮರಾಠಿ ಬರೆಯುವವರು ಗಲ್ಲಿಗೆ ಹತ್ತು ಜನ ಸಿಗುತ್ತಾರೆ, ಕನ್ನಡ ಬರೆಯಬಲ್ಲವಳು ನಾನೊಬ್ಬಳೇ. ಇನ್ನೊಬ್ಬರ ಕೈಯಿಂದ ಬರೆಸುವ ಸಂಗತಿಯೂ ಇದಲ್ಲ. ಇತ್ತ ಸುಖ, ಅತ್ತ ಸುಖವೇ ಎಂದು ಕೇಳುವ ಶಾಸ್ತ್ರವನ್ನೂ ಬಿಟ್ಟಿದ್ದೇನೆ. ಸುಖ ಇಲ್ಲ ಎಂದು ಇಬ್ಬರಿಗೂ ಗೊತ್ತಿದೆ. ನಿನ್ನ ಹೆಸರಿನ ಮೊದಲು 'ಚಿ. ಸೌ.' ಎಂದು ಬರೆಯಲು ಹೋಗಿ ಕೈ ತಡೆಯಿತು. ಅದಕ್ಕೇ ಅಲ್ಲಿ ಶಾಯಿ ಚೆಲ್ಲಿದೆ.

ನಿನ್ನ ಮಗಳು ಸುಗಂಧಾ ಕಾಗದ ಬರೆದಿದ್ದಾಳೆ. ಹತ್ತು ವರ್ಷದಲ್ಲಿ ನಿನ್ನ ಮನೆಯಿಂದ ಬಂದ ಮೊದಲ ಕಾಗದ. ಐದನೇ ಇಯತ್ತೆಯಲ್ಲಿ ಗುರುಗಳು ತಮ್ಮ ತಮ್ಮ ಊರಿನ ಒಂದು ವಸ್ತುವಿನ ಬಗ್ಗೆ ಬರೆದುಕೊಂಡು ಬರಲು ಹೇಳಿದ್ದಾರಂತೆ. ಅವಳು ನಿನ್ನ ತವರೂರು ಇಂಡಿಯ ಲಿಂಬೆಹಣ್ಣಿನ ಬಗ್ಗೆ ಬರೆಯಬೇಕಿತ್ತು. ಅದು ಬಿಟ್ಟು 'ನನ್ನ ಅಪ್ಪನ ಊರಿನ ನೀಲಿ ಕಲ್ಲಿನ ಬಗ್ಗೆ ಬರೆಯುತ್ತೇನೆ' ಎಂದು ಐದು ಪ್ರಶ್ನೆ ಕಳಿಸಿದ್ದಾಳೆ. ಅಕ್ಷರ ಚೆನ್ನಾಗಿವೆ. ನಿನಗೆ ಹೇಳಿ ಬರೆದಳೋ ಕದ್ದು ಬರೆದಳೋ ತಿಳಿಯದು. ಕದ್ದು ಬರೆದಿದ್ದರೆ ಹೊಡೆಯಬೇಡ. ಉತ್ತರ ಅವಳಿಗಲ್ಲ, ನಿನಗೆ ಬರೆಯುತ್ತಿದ್ದೇನೆ. ಕೊಡುವುದನ್ನು ಕೊಡು, ಬಿಡುವುದನ್ನು ಬಿಡು.

ಕಲ್ಲಿನ ಹೆಸರೇನು, ಅದು ಹೇಗೆ ಹುಟ್ಟಿತು ಎಂದು ಕೇಳಿದ್ದಾಳೆ. ನಮ್ಮ ಖಣಿಯಲ್ಲಿ ಅದಕ್ಕೆ ನೀಲಿ ಗೊಂಡೆ ಎನ್ನುತ್ತೇವೆ, ಜಡೆಗೆ ಕಟ್ಟುವ ಗೊಂಡೆಯ ಹಾಗೆ ದುಂಡಗೆ, ಸೂಜಿ ಸೂಜಿಯಾಗಿ ಬೆಳೆದಿರುತ್ತದೆ. ಪುಣೆಯ ಕಾಲೇಜಿನ ಮಾಸ್ತರರು ಅದಕ್ಕೆ ಕಾವನ್ಸೈಟ್ ಎನ್ನುತ್ತಾರೆ. ಸುಣ್ಣದ ಅಂಶ, ವನೇಡಿಯಂ ಎಂಬ ಒಂದು ಲೋಹ, ಮರಳಿನ ಸತ್ವ, ಈ ಮೂರರ ಇಂಗ್ಲಿಷ್ ಹೆಸರಿನ ತಲೆ ಕತ್ತರಿಸಿ ಜೋಡಿಸಿದ್ದಂತೆ. ಆ ಲೋಹದಿಂದಲೇ ನೀಲಿ. ಆರೂವರೆ ಕೋಟಿ ವರ್ಷದ ಹಿಂದೆ ಇಲ್ಲೆಲ್ಲ ನೆಲ ಬಾಯಿ ತೆರೆದು ಬೆಂಕಿಯ ರಾಡಿ ಹರಿಯಿತು, ಅದು ಆರಿ ನಮ್ಮ ಕರಿಕಲ್ಲಾಯಿತು, ಆರುವಾಗ ಒಳಗೆ ಗಾಳಿಯ ಗೂಡುಗಳು ಉಳಿದವು, ಆಮೇಲೆ ಎಷ್ಟೋ ಕಾಲ ಬಿಸಿನೀರು ಜಿನುಗಿ ಗೂಡಿನೊಳಗೆ ಮೊದಲು ಬಿಳಿ ಹರಳಿನ ಹಾಸು, ಅದರ ಮೇಲೆ ಈ ನೀಲಿ ಗೊಂಡೆ ಕಟ್ಟಿತು ಎಂದು ಮಾಸ್ತರರು ಕೈ ತಿರುಗಿಸಿ ತಿರುಗಿಸಿ ಹೇಳಿದರು. ಅಮೆರಿಕದಲ್ಲಿ ಎಲ್ಲೋ ಅಣೆಕಟ್ಟಿನ ಹತ್ತಿರ ಮೊದಲು ಚಿಟಿಕೆಯಷ್ಟು ಸಿಕ್ಕಿತ್ತಂತೆ. ಇಷ್ಟು ದೊಡ್ಡದು, ಇಷ್ಟು ಚೆಂದದ್ದು ಲೋಕದಲ್ಲಿ ನಮ್ಮ ವಾಘೋಲಿ ಬಿಟ್ಟು ಬೇರೆಲ್ಲೂ ಇಲ್ಲವಂತೆ. ನಿನ್ನ ಮಾವ ಅವರ ಬಾಯಿಯನ್ನೇ ನೋಡುತ್ತ ನಿಂತಿದ್ದು ಕೊನೆಗೆ ನನ್ನನ್ನು ಕೇಳಿದ: "ಏನಂತ?" ನಾನು ಕಿವಿಯಲ್ಲಿ ಕೂಗಿದೆ: "ನಾವು ಹುಟ್ಟೂಕಿಂತ ಮದ್ಲ ಹುಟ್ಟೈತಂತ." ಅದಕ್ಕೆ ಅವನು, "ಅಷ್ಟ ಹೇಳಾಕ ಕಾಲೇಜಿಗಿ ಹೋಗಬೇಕಾ?" ಎಂದ. ಕಿವಿ ಹೋದರೂ ಬಾಯಿ ಹೋಗಿಲ್ಲ ಅವನದು.

ಗಟ್ಟಿ ಇದೆಯೇ ಎಂದು ಕೇಳಿದ್ದಾಳೆ. ಇಲ್ಲ. ಕಲ್ಲು ಎನ್ನುವುದೇ ಸುಳ್ಳು. ಚಾಕು ತಾಗಿದರೆ ಗೀರು ಬೀಳುತ್ತದೆ, ಬ್ರಷ್ ಆಡಿಸಿದರೆ ಸೂಜಿಗಳು ಉದುರುತ್ತವೆ. ಅದರ ಒಳಗೇ ನೀರಿದೆ, ಕಾಯಿಸಿದರೆ ಬಿಟ್ಟು ಹೋಗುತ್ತದೆ. ನಮ್ಮ ಗಲ್ಲಿಯ ತಿಪ್ಪವ್ವ ಒಂದು ಸಲ ಬೇಗ ಒಣಗಲಿ ಎಂದು ರೊಟ್ಟಿ ಹಂಚಿನ ಮೇಲೆ ಇಟ್ಟು, ಬಣ್ಣ ಕೆಟ್ಟ ಮೇಲೆ ಕಲ್ಲು ಕೊಳ್ಳುವ ಸೇಠನ ಜೊತೆ ಜಗಳಕ್ಕೆ ನಿಂತಿದ್ದಳು, "ನೀನ ಸುಳ್ಳ ಕಲ್ಲ ಮಾಡಿ ಕೊಟ್ಟಿ" ಎಂದು. ಕಲ್ಲು ತೆಗೆದವಳು ಅವಳೇ! ನನ್ನ ಮಗ ದ್ಯಾವಪ್ಪ ಮಾತ್ರ ಬಾಯಲ್ಲಿ ನೀರು ತುಂಬಿಕೊಂಡು ಫೂ ಎಂದು ಉಗುಳಿ ತೊಳೆಯುತ್ತಿದ್ದ, ಕೂಸಿನ ಕಣ್ಣಿಗೆ ಊದುವ ಹಾಗೆ. ಒಣ ಹುಲ್ಲಿನ ಮೇಲೆ ಇಟ್ಟು ರುಮಾಲಿನಲ್ಲಿ ಹೊತ್ತು ತರುತ್ತಿದ್ದ. ಅವನು ತಂದ ಗೊಂಡೆ ಒಂದೂ ಮುರಿದದ್ದು ನಾನು ನೋಡಿಲ್ಲ.

ಒಂದು ತುಂಡು ಕಳಿಸಿ ಎಂದಿದ್ದಾಳೆ. ನಮ್ಮ ಮನೆಯಲ್ಲಿ ಇಲ್ಲ. ಹತ್ತು ವರ್ಷದಿಂದ ನಾನು ಅದನ್ನು ಕೈಯಲ್ಲಿ ಮುಟ್ಟಿಲ್ಲ.

ಇನ್ನು ಐದನೆಯ ಪ್ರಶ್ನೆ. ಅವಳು ಬರೆದದ್ದನ್ನೇ ಬರೆಯುತ್ತೇನೆ: 'ನಮ್ಮ ಅಪ್ಪನಿಗೆ ಏಳರ ತನಕ ಎಣಿಸಲು ಬರುತ್ತಿರಲಿಲ್ಲವಾ ಅಜ್ಜಿ? ಶಾಲೆಯಲ್ಲಿ ಎಣಿಕೆ ತಪ್ಪಿದರೆ ಅವ್ವ ನನಗೆ, ಅಪ್ಪನ ಹಾಗೆ ಸಾಯಬೇಡ, ಸರಿಯಾಗಿ ಎಣಿಸು ಅನ್ನುತ್ತಾಳೆ.'

ಅಂಬವ್ವ, ನಿನ್ನ ಮೇಲೆ ಸಿಟ್ಟಿಲ್ಲ. ಆ ಮಾತು ನಿನ್ನದಲ್ಲ, ನನ್ನದು. ನಾನು ಪಂಚರ ಮುಂದೆ ಆಡಿದ ಮಾತೇ ನಿನ್ನ ಬಾಯಿಗೆ ಬಂದು, ನಿನ್ನಿಂದ ಕೂಸಿನ ಕಿವಿಗೆ ಹೋಗಿದೆ.

ಆ ದಿನ ನೀನು ಇಲ್ಲಿರಲಿಲ್ಲ. ಸುಗಂಧಾ ಹೊಟ್ಟೆಯಲ್ಲಿ ಏಳು ತಿಂಗಳಾಗಿತ್ತು, ಕುಬಸದ ಸೀಮಂತಕ್ಕೆಂದು ತವರಿಗೆ ಹೋಗಿದ್ದೆ. ಇಲ್ಲಿಯ ರೀತಿ ನಿನಗೆ ಗೊತ್ತೇ ಇದೆ. ಬಂಡೆಯಲ್ಲಿ ಕೊರೆದ ಎಷ್ಟು ತೂತಿಗೆ ಮದ್ದು ತುಂಬಿದ್ದಾರೋ ಅಷ್ಟು ಸಲ ಢಂ ಎನ್ನಬೇಕು. ಬೇವಿನ ಮರದ ಕೆಳಗೆ ಒಬ್ಬರು ಎಣಿಸಬೇಕು, ಅವರು 'ಆದವು' ಎನ್ನುವ ತನಕ ಯಾರೂ ಕೆಳಗಿಳಿಯಬಾರದು. ಒಂದು ಕಡಿಮೆ ಬಿದ್ದರೆ ಆ ದಿನ ಖಣಿ ಬಂದ್. ಮೊದಲು ನಿನ್ನ ಮಾವ ಎಣಿಸುತ್ತಿದ್ದ. ಸದ್ದು ಕೇಳಿ ಕೇಳಿ ಅವನ ಕಿವಿ ಹೋದ ಮೇಲೆ ಎಣಿಕೆ ನನಗೆ ಬಂತು. ನಾಲ್ಕು ಇಯತ್ತೆ ಕಲಿತವಳು ಎಂದು ವಸ್ತಿಯವರೇ ಕೊಟ್ಟರು. ಹೆಂಗಸಿಗೆ ಎಣಿಕೆ ಕೊಟ್ಟದ್ದು ನಮ್ಮಲ್ಲಿ ಅದೇ ಮೊದಲು. ನನಗೆ ಸೊಕ್ಕೂ ಇತ್ತು.

ಹಿಂದಿನ ದಿನವೇ ಗೋಡೆಯಲ್ಲಿ ಹಸಿರು ಕೆಂಪು ಬೆರೆತ ಪುಡಿಗಲ್ಲು ಕಂಡಿತ್ತು. ಅದು ಕಂಡರೆ ಗೂಡು ಹತ್ತಿರ ಇದೆ ಎಂದು ಅರ್ಥ. ಗೂಡಿನ ಬಾಯಿಗೆ ಯಾರು ಮೊದಲು ರುಮಾಲು ಹಾಸುತ್ತಾರೋ ಗೂಡು ಅವರದು. ಹದಿನೈದು ದಿನದ ಹಿಂದೆ ತಿಪ್ಪವ್ವನ ಗಂಡ ನಮಗಿಂತ ಮೊದಲು ಹಾಸಿದ್ದ. ಆ ದಿನ ಬೆಳಗ್ಗೆ ನೀರಿನ ಟಾಕಿಯ ಹತ್ತಿರ ಅವಳು, "ಏನ ಸಾಬವ್ವಾ, ನಿನ್ನ ಮಗ ತಲಿಮ್ಯಾಗಿಂದು ಬಿಚ್ಚೂದ್ರಾಗ ನಮ್ಮವರು ಕಲ್ಲ ತೊಳದ ಒಣಗಿಸಿರತಾರ" ಎಂದಳು. ನಾನು ಬಿಡುತ್ತೇನೆಯೇ? "ನಿನ್ನ ಗಂಡಗ ರುಮಾಲ ಐತಿ, ಖರೆ. ಅದರ ಕೆಳಗ ತಲಿ ಐತೇನ ನೋಡ್ಕೊ" ಎಂದೆ. ಎಲ್ಲರೂ ನಕ್ಕರು. ನನ್ನ ಹೊಟ್ಟೆ ಮಾತ್ರ ಉರಿಯುತ್ತಲೇ ಇತ್ತು.

ಏಳು ತೂತು. ಬತ್ತಿ ಹಚ್ಚಿ ಎಲ್ಲರೂ ಮೇಲೆ ಬಂದರು. ನಾನು ಎಣಿಸಿದೆ. ಕೊನೆಯ ಎರಡು ಜೋಡಿಯಾಗಿ ಹಾರಿದ ಹಾಗೆ ನನಗೆ ಕೇಳಿಸಿತು. ಒಂದೇ ಸದ್ದು, ಆದರೆ ದೊಡ್ಡದು. ಹಾಗೆ ಆಗುವುದುಂಟು. ದ್ಯಾವಪ್ಪ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದು ಕೇಳಿದ: "ಯವ್ವಾ, ಏಳಾದ್ವೇನ?" ನಾನು "ಆದವು, ಹೋಗ" ಎಂದೆ. ಅವನು ನಗುತ್ತ ಓಡಿದ. ಎಣಿಕೆ ಮೀರಿ ಹೋಗಲಿಲ್ಲ. ಕೇಳಿ ಹೋದ. ಹೋಗಿ ರುಮಾಲು ಹಾಸಿದ, ಗೂಡಿನ ಪಕ್ಕ ಹಾರೆ ಇಟ್ಟ, ಸಿಡಿಯದೆ ಉಳಿದ ಒಂದು ಹಾರಿತು.

ಮಧ್ಯಾಹ್ನ ಪಂಚರು ಕೂತು, "ಎಣಿಕಿ ಎಷ್ಟ ಹೇಳಿದ್ದೆವ್ವಾ?" ಎಂದು ಕೇಳಿದರು. "ಆರು ಅಂದೆ. ನಿಂದ್ರು ಅಂದೆ. ಅವ ಕೇಳಲಿಲ್ಲ" ಎಂದೆ. ಉಳಿದವರು ದೂರ ಇದ್ದರು, ಯಾರೂ ಕೇಳಿಸಿಕೊಂಡಿರಲಿಲ್ಲ. ಸತ್ತವನು ಎದ್ದು ಬಂದು ಸುಳ್ಳು ಎನ್ನುತ್ತಾನೆಯೇ? ಆ ಗೂಡಿಗೆ ಮತ್ತೆ ಯಾರೂ ಕೈ ಹಾಕಲಿಲ್ಲ, ತಿಪ್ಪವ್ವನ ಗಂಡ ಕೂಡ. ಬಿಳಿ ಹಾಸು, ನೀಲಿ ಗೊಂಡೆ ಎಲ್ಲ ಕ್ರಷರಿಗೆ ಹೋಗಿ ಖಡಿಯಾಯಿತು. ಯಾವ ರಸ್ತೆಯ ಕೆಳಗಿದೆಯೋ.

ಮೂರನೆಯ ದಿನ ನೀನು ಬಂದೆ. ಹೊಸ್ತಿಲಲ್ಲಿ ನಿಂತು, "ಹೊಟ್ಯಾಗಿನ ಕೂಸಿಗಿಂತ ನೀಲಿ ಕಲ್ಲ ದೊಡ್ಡದಾತಲ್ಲ ಅವಗ" ಎಂದೆ. ಯಾರೂ ಮುಂದೆ ಬರುವ ಮೊದಲೇ ಬಳೆ ನೀನೇ ಒಡೆದುಕೊಂಡೆ. ಅಳಲಿಲ್ಲ. ಆಗ ನಾನು ಬಾಯಿ ಬಿಟ್ಟಿದ್ದರೆ ನೀನು ಅತ್ತಿರುತ್ತಿದ್ದೆ. ಗಂಡನಿಗಾಗಿ ಅಳುವುದನ್ನೂ ನಾನು ನಿನ್ನಿಂದ ಕಿತ್ತುಕೊಂಡೆ. ಹತ್ತು ವರ್ಷ ನೀನು ಸತ್ತವನನ್ನು ಬೈದೆ. ಬೈಯಿಸಿಕೊಳ್ಳಬೇಕಾದವಳು ಇಲ್ಲಿ ರೊಟ್ಟಿ ತಿಂದುಕೊಂಡು ಕೂತಿದ್ದಳು.

ಖಂಡೇನವಮಿಯಲ್ಲಿ ವಸ್ತಿಯ ಸುತ್ತಿಗೆಗಳನ್ನೆಲ್ಲ, ಇದ್ದವರದ್ದೂ ಸತ್ತವರದ್ದೂ, ಸಾಲಾಗಿ ಇಟ್ಟು ಪೂಜೆ ಮಾಡುತ್ತೇವಲ್ಲ, ಎಣಿಕೆ ಮೀರಿ ಸತ್ತವನ ಸುತ್ತಿಗೆ ಆ ಸಾಲಿಗೆ ಇಲ್ಲ. ನಿನ್ನ ಗಂಡನ ಸುತ್ತಿಗೆ ಹತ್ತು ವರ್ಷದಿಂದ ನಮ್ಮ ಬಚ್ಚಲ ತಗಡಿನ ಹಿಂದೆ ಬಿದ್ದಿದೆ. ಪ್ರತಿ ನವಮಿಯ ಮರುದಿನ ಅದರ ತಲೆಯ ಮೇಲೆ ಒಂದು ಬೊಟ್ಟು ಕುಂಕುಮ ಇರುತ್ತದೆ. ಇಡುವವನು ನಿನ್ನ ಮಾವ. ನಾನು ನೋಡಿಯೂ ನೋಡದ ಹಾಗೆ ನೀರು ತುಂಬಿಕೊಳ್ಳುತ್ತೇನೆ.

ಈ ನವಮಿಗೆ ನಾನು ಪಂಚರ ಮುಂದೆ ನಿಂತು, ಎಣಿಕೆ ತಪ್ಪಿದ್ದು ನನ್ನದು ಎಂದು ಹೇಳುತ್ತೇನೆ. ಆ ಸುತ್ತಿಗೆ ಸಾಲಿಗೆ ಬರಬೇಕು. ಇಡುವ ಕೈ ಮಾತ್ರ ಅವನ ಹೆಂಡತಿಯದೋ ಮಗಳದೋ ಆಗಬೇಕು, ಅದು ನಮ್ಮ ರೀತಿ. ಕೂಸು ಬಂದರೆ ಅವಳ ಕಿವಿಗೂ ಬೀಳುತ್ತದೆ. ಅಪ್ಪ ಸಿಗುತ್ತಾನೆ, ಅಜ್ಜಿ ಹೋಗುತ್ತಾಳೆ. ನನಗೆ ಅದು ಒಪ್ಪಿಗೆ.

ನಿನ್ನ ಅತ್ತೆ,
ಸಾಬವ್ವ ಗಿಡ್ಡಪ್ಪ ದೋತ್ರೆ

ತಾ.ಕ.: ಕಾಗದ ಮಡಿಸುವ ಮೊದಲು ಬಾಗಿಲು ಹಾಕಿ ನಿನ್ನ ಮಾವನ ಕಿವಿಯಲ್ಲಿ ಪೂರ್ತಿ ಓದಿದೆ. ಕೊನೆಯ ತನಕ ಕೇಳಿದ. ಆಮೇಲೆ, "ಹರದ ಹಾಕ. ಇಲ್ಲಾ ಖರೆ ಬರಿ" ಎಂದ. ಖರೆ ಇದು. ಕಿವಿ ಹೋದ ಮೇಲೆ ಅವನು ಸದ್ದಿನ ಬದಲು ಹೊಗೆ ಎಣಿಸುತ್ತಿದ್ದ. ಒಂದು ಹೊಗೆ ಎದ್ದರೆ ಒಂದು ಬೆರಳು ಎತ್ತಿ ನನಗೆ ತೋರಿಸುತ್ತಿದ್ದ, ನನ್ನ ಎಣಿಕೆಗೆ ಸಾಕ್ಷಿ ಇರಲಿ ಎಂದು. ಆ ದಿನ ಅವನು ಆರು ಬೆರಳು ಹಿಡಿದು ನಿಂತಿದ್ದ. ನಾನು ನೋಡಿದೆ. ಎರಡು ಜೋಡಿಯಾಗಿ ಹಾರಿದವು ಎಂದು ಮೇಲೆ ಬರೆದದ್ದು ಸುಳ್ಳು. ನನ್ನ ಕಿವಿಗೂ ಆರೇ ಕೇಳಿಸಿದ್ದವು. ಅಷ್ಟರಲ್ಲಿ ತಿಪ್ಪವ್ವನ ಗಂಡ ತಲೆಯ ರುಮಾಲಿಗೆ ಕೈ ಹಾಕಿದ್ದು ಕಂಡಿತು, ನಾನು 'ಆದವು' ಎಂದೆ. ಪಂಚರು ಕಿವುಡನನ್ನು ಏನು ಕೇಳುವುದೆಂದು ನಿನ್ನ ಮಾವನನ್ನು ಕೇಳಲಿಲ್ಲ. ಅವನೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಈಗ ಕೇಳಿದೆ. "ಮಗ ಹ್ವಾದ. ನಿನ್ನೂ ಕಳಕೊಳ್ಳಲೇನ?" ಎಂದ. ಪಂಚರ ಮುಂದೆಯೂ ಇದನ್ನೇ ಹೇಳುತ್ತೇನೆ, ನೀನು ಬಂದರೂ ಬರದಿದ್ದರೂ. ಕೂಸಿಗೆ ನೀನೇ ಹೇಳುತ್ತೀಯೋ, ನಾನು ಹೇಳಲೋ, ಇಲ್ಲ ಅವಳನ್ನು ಕಳಿಸುವುದೇ ಇಲ್ಲವೋ, ಮೂರರಲ್ಲಿ ಒಂದು. ನಿನ್ನ ಕೈಯಲ್ಲೇ ಬರೆ. ಅಕ್ಟೋಬರ್ ಹತ್ತನೇ ತಾರೀಖಿನ ಒಳಗೆ ನನಗೆ ಉತ್ತರ ಬೇಕು.