ಕಿಟಕಿ ಪಕ್ಕದ ಮೇಜಿನ ಕುರ್ಚಿ

ಪ್ರೀತಿಯ ಅಪ್ಪಯ್ಯ,

ನಿಮ್ಮ ಸಿನಿಮಾ ಮುಗಿಯಿತು. 'ನಿಮ್ಮ ಸಿನಿಮಾ' ಎನ್ನುವಾಗಲೇ ನನಗೆ ಉರಿದುಹೋಗುತ್ತದೆ. ತೀರಿಹೋದವರ ಹತ್ತಿರ ಜಗಳ ಆಡಬಾರದು ಎಂದು ಅಮ್ಮ ಹೇಳುತ್ತಾಳೆ. ಆದರೆ ಇದ್ದಾಗ ನೀವು ಹೋಟೆಲಿನ ಗಲ್ಲಾ ಬಿಟ್ಟು ಅಲ್ಲಾಡಿದವರಲ್ಲ, ಜಗಳಕ್ಕೆ ನಿಮಗೆ ಪುರುಸೊತ್ತು ಎಲ್ಲಿತ್ತು? ಅದಕ್ಕೇ ಈಗ ಬರೆಯುತ್ತಿದ್ದೇನೆ.

ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಶಾಲೆಯಿಂದ ಬಂದವಳೇ ಕಿಟಕಿ ಪಕ್ಕದ ಮೇಜಿನ ಕುರ್ಚಿಗೆ ಕೈ ಹಾಕಿದ್ದೆ. ಪುಣೆಯ ಸದಾಶಿವ ಪೇಠದ ರಿಕ್ಷಾ, ಸ್ಕೂಟರುಗಳೆಲ್ಲ ಕಾಣುವ ಜಾಗ ಅದು. "ಅದ್ ಗಿರಾಕಿ ಜಾಗ ಮಗಾ, ನಾವ್ ಅಲ್ ಕೂಕಂಬುಕಾಗ" ಎಂದು ನನ್ನನ್ನು ಒಳಗೆ ಕಳಿಸಿದಿರಿ. ಹೋಟೆಲಿನವರ ಮನೆಯವರು ಗಿರಾಕಿಯ ಮೇಜಿಗೆ ಕೂರಬಾರದು. ಅಜ್ಜಯ್ಯ ಹೇಳಿದ್ದು, ನೀವು ಪಾಲಿಸಿದ್ದು. ನಾನು ಉಂಡದ್ದೆಲ್ಲ ಅಡುಗೆಕೋಣೆಯಲ್ಲಿ, ಹಿಟ್ಟಿನ ಡಬ್ಬದ ಮೇಲೆ ಕೂತು. ನೀವು ನಿಂತೇ ಉಣ್ಣುತ್ತಿದ್ದಿರಿ, ಒಂದು ಕಣ್ಣು ಗಲ್ಲಾದ ಮೇಲೆ. ಒಂದೇ ಒಂದು ಸಲವಾದರೂ ನನ್ನ ಎದುರು ಕೂತು ಉಂಡದ್ದು ನಿಮಗೆ ನೆನಪಿದೆಯೇ? ನನಗಂತೂ ಇಲ್ಲ.

ಆಮೇಲೆ ಕೇತಕಿ ಬಂದಳು. ಮಹಡಿಯ ಬಾಡಿಗೆ ಕೋಣೆಯ ಮರಾಠಿ ಹುಡುಗಿ, ಸಿನಿಮಾ ಕಲಿತವಳು. ಗಲ್ಲಾಕ್ಕೆ ಒರಗಿ ನಿಮಗೆ ಕಥೆ ಹೇಳಿದ್ದು ನಾನೂ ಕೇಳಿಸಿಕೊಂಡೆ. ಮುಂದೊಂದು ಕಾಲದ ಪುಣೆ. ಸೂರ್ಯ ಕಾಣುವುದಿಲ್ಲ, ಬರೀ ಹೊಗೆ. ಸರ್ಕಾರ ಎಲ್ಲರ ಅಡುಗೆಮನೆಗೂ ಬೀಗ ಹಾಕಿದೆ, ಊಟಕ್ಕೆ ಬದಲು ಗುಳಿಗೆ. ಒಬ್ಬ ಮುದುಕ ಮಾತ್ರ ಕದ್ದು ಸಾರು ಕುದಿಸುತ್ತಾನೆ, ಅವನನ್ನು ಹಿಡಿಯಲು ಕರಿ ಕೋಟಿನ ಪತ್ತೇದಾರಿ ಬರುತ್ತಾಳೆ. ಮುದುಕ ನೀವು, ಪತ್ತೇದಾರಿ ಅವಳೇ. ನೀವು ನಗುತ್ತ ಒಪ್ಪಿಬಿಟ್ಟಿರಿ! ನನ್ನ ಕಾಲೇಜಿನ ನಾಟಕಕ್ಕೆ ಬನ್ನಿ ಎಂದು ಕರೆದಾಗ "ಹೋಟ್ಲ್ ಯಾರ್ ಕಾಂಬುದ್?" ಎಂದವರು ನೀವೇ ಅಲ್ಲವೇ? "ಅವ್ರಿಗ್ ಈ ವಯಸ್ಸಲ್ ಎಂತ ಹುಚ್ಚ್ ಮಾರಾಯ್ತಿ" ಎಂದು ಅಮ್ಮ ನಕ್ಕಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನಾನು ಪಾತ್ರೆ ಕುಕ್ಕಿದೆ.

ಹೋಟೆಲಿನ ರಜೆಯ ಸೋಮವಾರಗಳಲ್ಲಿ ಶೂಟಿಂಗ್ ನಡೆಯಿತು. ಕಿಟಕಿಗೆ ಕರಿ ಕಾಗದ, ಮೂಲೆಯಲ್ಲಿ ಲೋಬಾನದ ಹೊಗೆ, ಒಂದೇ ಒಂದು ಬಲ್ಬು. ಬಜ್ಜಿ ಸೋಸುವ ಜಾಲರಿಯನ್ನು ಬಲ್ಬಿಗೆ ಅಡ್ಡ ಹಿಡಿದು ನಿಮ್ಮ ಮುಖದ ಮೇಲೆ ಜೈಲಿನ ಸರಳಿನಂಥ ನೆರಳು ಬೀಳಿಸಿದರು. ನೀವು ಅವಳ ಮುಂದೆ ತಟ್ಟೆ ಇಟ್ಟು, "ಆಧೀ ಜೇವೂನ್ ಘೇ, ಮಗ್ ಪಕಡ್ ಮಲಾ" ಎಂದಿರಿ. ಮೊದಲು ಉಣ್ಣು, ಆಮೇಲೆ ನನ್ನನ್ನು ಹಿಡಿ. ಅಷ್ಟು ಹೇಳಿ ಕಿಟಕಿ ಪಕ್ಕದ ಆ ಮೇಜಿಗೆ, ಅವಳ ಎದುರು ಕೂರಬೇಕಂತೆ. ನನಗೆ ನೋಡಲಾಗಲಿಲ್ಲ. ತರಕಾರಿಯ ನೆಪ ಹೇಳಿ ಮಂಡಈ ಮಾರ್ಕೆಟ್ಟಿಗೆ ಹೋಗಿಬಿಟ್ಟೆ. ಬಂದಾಗ ಅಮ್ಮ ಹೇಳಿದಳು: "ಆ ಹುಡ್ಗಿ 'ಕಾಕಾ, ಬಸಾ ನಾ' ಅಂತ್, ಇವ್ರ್ ಕೂಕಂಡೇಬಿಟ್ರ್."

ಮಳೆಗಾಲ ಮುಗಿಯುವ ಮೊದಲೇ ನೀವು ಹೊರಟುಹೋದಿರಿ. ವೈಕುಂಠ ಸಮಾರಾಧನೆ ಕಳೆದ ಮೇಲೆ ಕೇತಕಿ ಅಡುಗೆಕೋಣೆಯ ಬಾಗಿಲಿಗೆ ಬಂದು ನಿಂತಳು. ನಿಮ್ಮ ಮಾತು ಚೆನ್ನಾಗಿ ಸಿಕ್ಕಿದೆ, ಆದರೆ ಕೈಕಾಲಿನ ಸದ್ದೆಲ್ಲ ಬೀದಿಯ ಗದ್ದಲದಲ್ಲಿ ಮುಳುಗಿದೆ, ಬೇರೆಯಾಗಿ ಮಾಡಿ ಸೇರಿಸಬೇಕು ಎಂದಳು. "ಕಾಕಾಂಚಾ ಆವಾಜ್ ತುಮ್ಹಾಲಾಚ್ ಮಾಹೀತ್." ನಿಮ್ಮ ಸದ್ದು ನನಗೆ ಮಾತ್ರ ಗೊತ್ತಂತೆ! ಅಪ್ಪಯ್ಯ, ಎಷ್ಟು ಜಂಬ ಬಂತು ಗೊತ್ತೇ ನನಗೆ?

ಖರಾಡಿಯಲ್ಲಿ ಅವಳ ಗೆಳೆಯನ ಫ್ಲ್ಯಾಟಿನ ಕೋಣೆಯೊಂದಕ್ಕೆ ಹೊರಗಿನ ಸದ್ದು ಬಾರದ ಹಾಗೆ ಸುತ್ತಲೂ ಹಾಸಿಗೆ ಕಟ್ಟಿದ್ದರು. ಪರದೆಯ ಮೇಲೆ ನೀವು, ಸದ್ದಿಲ್ಲದೆ. ನಾನು ನಿಮ್ಮ ರಬ್ಬರ್ ಚಪ್ಪಲಿ ಮೆಟ್ಟಿ ನಿಮ್ಮ ಹಾಗೆ ಎಡಗಾಲು ಎಳೆದು ನಡೆದೆ. ಲೋಟದ ಬುಡದ ಅಂಚು ಮೊದಲು ತಾಗಿಸಿ ಆಮೇಲೆ ಪೂರ್ತಿ ಇಟ್ಟೆ. ಸೌಟನ್ನು ಪಾತ್ರೆಯ ಬಾಯಿಗೆ ತಟ್ಟಿದೆ. ಕೇತಕಿ ಕಣ್ಣೊರೆಸಿಕೊಂಡಳು. ಆಮೇಲೆ ನೀವು ಕುರ್ಚಿ ಎಳೆದು ಕೂರುವ ದೃಶ್ಯ ಬಂತು. ನಾನು ನಿಂತುಬಿಟ್ಟೆ. ನೀವು ಕುರ್ಚಿ ಎಳೆದ ಸದ್ದು ನಾನು ಯಾವತ್ತು ಕೇಳಿದ್ದೇನೆ? "ಮೊದಲು ಸ್ವಲ್ಪ ಎತ್ತಿದರು, ಆಮೇಲೆ ಮೆಲ್ಲಗೆ ಎಳೆದರು" ಎಂದು ಅವಳು ಕೈಯಲ್ಲಿ ಮಾಡಿ ತೋರಿಸಿದಳು. ನನ್ನ ಅಪ್ಪಯ್ಯನನ್ನು ನನಗೇ ಕಲಿಸಿಕೊಡುತ್ತಿದ್ದಳು! ಹೊಟ್ಟೆಕಿಚ್ಚು, ಅಪ್ಪಯ್ಯ. ಅದಕ್ಕೆ ಬೇರೆ ಹೆಸರು ಇಡುವುದಿಲ್ಲ. ಇಲ್ಲಿನ ಕುರ್ಚಿ ಸರಿಯಿಲ್ಲ, ಹೋಟೆಲಿಗೇ ಬಾ ಎಂದು ಹೇಳಿ ಹೊರಟು ಬಂದೆ.

ಮರುದಿನ ಊಟದ ಗಿರಾಕಿಗಳು ಹೋದ ಮೇಲೆ ಶಟರ್ ಎಳೆದೆವು. ಅವಳು ಮೈಕ್ ಹಿಡಿದು ಮೇಜಿನ ಕೆಳಗೆ ಕೂತಳು. ನಾನು ನಿಮ್ಮ ಚಪ್ಪಲಿ ಮೆಟ್ಟಿ ಆ ಕುರ್ಚಿಯ ಹಿಂದೆ ನಿಂತೆ. ಕೈ ಮುಂದೆ ಹೋಗಲಿಲ್ಲ. ಗಲ್ಲಾದಿಂದ ಈಗ ನೀವು ಬೈಯುತ್ತೀರಿ ಅನ್ನಿಸಿತು. ಆಮೇಲೆ ಎತ್ತಲೂ ಇಲ್ಲ, ಮೆಲ್ಲಗೆ ಎಳೆಯಲೂ ಇಲ್ಲ. ಶಾಲೆಯಿಂದ ಬಂದ ಮಗು ಎಳೆಯುವ ಹಾಗೆ ಕರ್ರೆಂದು ಎಳೆದು ಕೂತೆ.

"ಅಕ್ಕಾ, ಕಾಕಾ ಅಸೇ ನವ್ಹತೇ ಬಸಲೇ" ಎಂದಳು ಕೆಳಗಿನಿಂದ. ಹಾಗೆ ಕೂತಿರಲಿಲ್ಲವಂತೆ.

"ಇರಲಿ. ಹೀಗೇ ಕೂರುತ್ತಾರೆ" ಎಂದೆ, ಕನ್ನಡದಲ್ಲೇ. ಅವಳಿಗೆ ಏನು ತಿಳಿಯಿತೋ, ಮತ್ತೊಂದು ಸಲ ಮಾಡಿ ಎನ್ನಲಿಲ್ಲ.

ಮೊನ್ನೆ ಪೇಠದವರಿಗೆಲ್ಲ ಸಿನಿಮಾ ತೋರಿಸಿದರು. ಕತ್ತಲಲ್ಲಿ ಕುರ್ಚಿ ಕರ್ರೆಂದಾಗ ಅಮ್ಮ ನನ್ನ ಕೈ ಹಿಡಿದುಕೊಂಡಳು. ನಿಮಗೆ ಮಾತ್ರ ಒಂದು ಮಾತು ಹೇಳುತ್ತಿದ್ದೇನೆ. ಆ ಸಿನಿಮಾದಲ್ಲಿ ನೀವು ಕೂರುವುದು ಅವಳ ಎದುರೇ, ಅದನ್ನು ತಪ್ಪಿಸಲು ನನ್ನಿಂದಾಗಲಿಲ್ಲ. ಆದರೆ ಇನ್ನು ಅದನ್ನು ಯಾವ ಊರಲ್ಲಿ ತೋರಿಸಿದರೂ, ಅಪ್ಪಯ್ಯ, ನಾನು ಕೂರದೆ ನಿಮಗೆ ಕೂರಲಾಗುವುದಿಲ್ಲ.

ನಿಮ್ಮ
ಹಿಟ್ಟಿನ ಡಬ್ಬದ ಮೇಲಿನ ಮಗಳು